ಸ್ಯಾಂಪಲ್

ರಾಜಕೋಟದವ ಫೋನಿನ್ಯಾಗ ಭಾಳ ಮರ್ಯಾದಿಲೆ ಮಾತಾಡಿದ:
ಐದು ಸಾವಿರಕ್ಕ ಕಡಿಮಿ ಮಾಲು ಬಿಡೂದಿಲ್ಲ ಬೆಹೆನ್‌ಜಿ,
ಅರ್ಧ ರೊಕ್ಕ ಮೊದಲ, ಅರ್ಧ ಲಾರಿ ಬಿಡೂ ಮುಂಚೆ.
ಕೊಯಮತ್ತೂರಿನವ ಬರೇ ಪಟ್ಟಿ ಕಳಿಸಿದ,
ಪಟ್ಟಿಯೊಳಗ ನನಗ ಬೇಕಾದದ್ದೊಂದ ಇರಲಿಲ್ಲ.
ಲುಧಿಯಾನಾದವ ಇನ್ನೂ ಹೊಳ್ಳಿ ಫೋನ್ ಮಾಡಬೇಕು.

ನನಗ ಬೇಕಾದದ್ದು ಐದುನೂರು.
ಆರು ಗೀರಿನ ಕ್ರ್ಯಾಂಕ್ ಪುಲ್ಲಿ.
ಕಂಪನಿಯವರು ಮಾಡೋದು ಬಿಟ್ಟು ಹತ್ತು ವರ್ಷ ಆದ್ರೂ
ಹುಬ್ಬಳ್ಳಿ ಮಂದಿ ಓಡಸೋದು ಬಿಡದ
ಒಂದು ಡೀಸೆಲ್ ಗಾಡಿದು.

ಹಂಗಾಗಿ ತಾರಿಹಾಳ.
ಚಂಬಣ್ಣ ಕಮ್ಮಾರನ ಶೆಡ್ಡು, ಎರಡು ಲೇಥು, ಒಂದು ಡ್ರಿಲ್ಲು,
ಹೋದ ವರ್ಷದ ಕ್ಯಾಲೆಂಡರು,
ಹಿಂದಿನ ಬಿಳಿ ಮಗ್ಗಲಕ್ಕ ಲೆಕ್ಕ ಬರಿಯಾಕ ಇಟ್ಟದ್ದು.
ಎರಕ ಬೆಳಗಾವಿದು, ಕಡತ ಇಲ್ಲೀದು.

ಪೇಪರಿನ್ಯಾಗ ಸುತ್ತಿದ್ದ ಸ್ಯಾಂಪಲ್ ಬಿಚ್ಚಿ ಕೊಟ್ಟೆ.
ಬಳಿಗಾರ ಬಳಿ ತಿರುವಿ ನೋಡಿದಂಗ
ಬೆಳಕಿಗೆ ಹಿಡಿದು ತಿರುವಿ ನೋಡಿದ.
‘ನೂರಕ್ಕ ನೂರು ಇದರಂಗ ಬರಬೇಕು’ ಅಂದೆ.
ಇದು ನನ್ನ ಬಾಯಾಗಿನ ಮಾತು, ನೆನಪಿರಲಿ.

ಅವ ನಾಕನೂರಾಹತ್ತು ಅಂದ, ನಾ ಮುನ್ನೂರಾ ನಲವತ್ತು.
ಚಾ ಮುಗಿಯೂದರಾಗ
ಮುನ್ನೂರಾ ಅರವತ್ತೈದಕ್ಕ ಬಂದು ನಿಂತ್ವಿ.
ಜಿಎಸ್‌ಟಿ ಬ್ಯಾರೆ. ಡಬ್ಬಿ ನನ್ನವು.

ಇಪ್ಪತ್ತೆರಡನೇ ದಿನಕ್ಕ ಟೆಂಪೊ ಬಂತು.
ಖಾನಾವಳಿ ತಾಟು ಒಟ್ಟಿದಂಗ ಎಣ್ಣಿ ಕಾಗದದಾಗ ಒಟ್ಟಿದ್ವು.
ನೀಲಿಗಿನ ರೋಡಿನ ನಮ್ಮ ಅಂಗಡಿ ಮುಂದ
ಹೋಗಾವ್ರು ಬರಾವ್ರು ನಿಂತು ನೋಡಿದ್ರು ಅಂತ ಹೇಳಲಾರೆ,
ನಾನಂತೂ ನಿಂತು ನೋಡಿದೆ.

ಮೂರು ದಿನ ಬಿಟ್ಟು ಉಣಕಲ್ಲಿನ ದಾವಲಸಾಬ ಬಂದ,
ಕೈಯಾಗ ಒಂದು ಪುಲ್ಲಿ.
ಒದರಾಡಲಿಲ್ಲ. ಅವ ಒದರಾಡದಿದ್ದಾಗ ನನಗ ಅಂಜಿಕಿ.
‘ಬೆಲ್ಟ್ ಕಿರುಚತೈತ್ರಿ. ಬೆಲ್ಟೂ ಹೊಸಾದು, ಇದೂ ಹೊಸಾದು.’

ವರ್ನಿಯರ್ ತಗದು ಹಿಡದೆ.
ಮೂರನೇ ಗೀರು ಅರ್ಧ ಎಂಎಂ ಆಳ, ಒಂದು ಮಗ್ಗಲಿಗೆ ವಾಲಿತ್ತು.
ಇನ್ನೊಂದು ತಗದೆ, ಅಷ್ಟ.
ಹತ್ತನೇದು, ನಲವತ್ತನೇದು, ಅಷ್ಟ.
ತಪ್ಪು ಅಂದ ಮ್ಯಾಲೆ ಹೆಚ್ಚುಕಡಿಮಿ ಇರಬೇಕಲ್ಲ?
ಇಷ್ಟು ಬರೋಬ್ಬರಿ ತಪ್ಪು
ನನ್ನ ಹತ್ತೊಂಬತ್ತು ವರ್ಷದ ಧಂಧೆದಾಗ ನೋಡಿದ್ದಿಲ್ಲ.

ತಾರಿಹಾಳಕ್ಕ ಹೋಗೂತನಾ
ಚಂಬಣ್ಣಗ ಬೈಯೂ ಮಾತು ಸಾಲಾಗಿ ಜೋಡಿಸಿಕೊಂಡಿದ್ದೆ.
ಅವ ಏನೂ ಅನಲಿಲ್ಲ. ಮಾಡದಾಗಿಂದ ನನ್ನ ಸ್ಯಾಂಪಲ್ ತಗದ,
ಅದ ಪೇಪರು, ನಾ ಕಟ್ಟಿದ್ದ ಅದ ದಾರ.
ಮೂರನೇ ಗೀರಿಗೆ ವರ್ನಿಯರ್ ಹಚ್ಚಿ
ನನ್ನ ಕಡೆ ಹೊಳ್ಳಿಸಿದ.

ಗುಜರಿಯವನ ಕಡೆ ಎಂಬತ್ತು ರೂಪಾಯಿಗೆ ತಗೊಂಡು
ಸೀಮೆಎಣ್ಣಿಲೆ ತೊಳದದ್ದು ನಾನ.
ಯಾರದೋ ಗಾಡಿಯೊಳಗ ಗದಗ ಹಾವೇರಿ ಅಂತ ಓಡಿ
ಒಂದೂವರಿ ಲಕ್ಷ ಕಿಲೋಮೀಟರ್ ಸವೆದದ್ದು.

ಲೇಥಿನ ಮೈಲಾರಿ ಕೈ ಒರಸಿಗೋತ ಬಂದ.
ಆ ವಾಲಿದ ಗೀರಿನ ಸಲುವಾಗಿ ಬ್ಯಾರೆ ಟೂಲ್ ಅರೆದಿದ್ದನಂತ,
ಎರಡು ರಾತ್ರಿ ಕುಂತು.
‘ಕಂಪನಿಯವ್ರು ಏನೋ ವಿಚಾರ ಮಾಡಿ ಹಂಗ ಇಟ್ಟಾರ
ಅಂದ್ಕೊಂಡೆರಿ ಅಕ್ಕಾವ್ರ.’

ಜೋಡಿಸಿಕೊಂಡಿದ್ದ ಮಾತು
ಒಂದೂ ಬಾಯಿಗೆ ಬರಲಿಲ್ಲ.

ಕಡದ ಕಬ್ಬಿಣಕ್ಕ ಕಬ್ಬಿಣ ಹಚ್ಚಾಕ ಬರೂದಿಲ್ಲ.
‘ಕೂಲಿ ನಾ ಬಿಡತೇನಿ, ಲೋಹ ನೀವು ನುಂಗ್ರಿ’ ಅಂದ.
ಲುಕ್ಸಾನಕ್ಕೂ ಚೌಕಾಸಿ ಮಾಡಿದ್ವಿ,
ಅದಕ್ಕೂ ಒಂದು ಚಾ ಆತು.

ದಾವಲಸಾಬ ಹನ್ನೊಂದು ಒಯ್ದ.
ಬೆಲ್ಟೂ ಬದಲಿಸಲಾರದ ಹಳೇ ಟ್ಯಾಕ್ಸಿಗೋಳಿಗೆ ಹಾಕಿದ,
ಅಲ್ಲಿ ಸುಮ್ಮನ ಕುಂತ್ವಂತ,
ಗುರುತಿನ ಮನಿಗೆ ಬಂದಂಗ.
ಉಳಿದವು ಕಿಲೋದ ಲೆಕ್ಕದಾಗ ಬೆಳಗಾವಿಗೆ ಹೊಳ್ಳಿ ಹೋದ್ವು.
ಒಂದ ಮಾತ್ರ ಬಿಲ್ಲಿನ ಮ್ಯಾಲೆ ಇಟ್ಟೇನಿ,
ನಮ್ಮ ಫ್ಯಾನು ಭಾಳ ಜೋರು.

ಹೋದ ಸೋಮವಾರ ಪುಣೆದಿಂದ ಸೀಲ್ ಒಡೀದ ಡಬ್ಬಿ ಬಂತು,
ಹಳೇ ಸ್ಟಾಕಿನ ಕಡೀದು, ಎರಡು ಸಾವಿರದ ಒಂಬತ್ತನೂರು.
ಮೈಲಾರಿ ತಿರುವಿ ನೋಡಿ ಕೇಳಿದ:
‘ನೂರಕ್ಕ ನೂರು ಇದರಂಗ ಏನ್ರಿ?’

ಹ್ಞೂಂ ಅನ್ನೂದು ತುದಿ ನಾಲಿಗಿಗೆ ಬಂದಿತ್ತು.
ವರ್ನಿಯರ್ ಅವನ ಕೈಗೆ ಕೊಟ್ಟು ಅಂದೆ,
‘ನೀ ನೋಡಿ ಹೇಳಪಾ.’