ನುಡಿಸದೆ ಉಳಿದವು

ಮೂವತ್ತನಾಲ್ಕು ದೇಶ, ಮೂವತ್ತನಾಲ್ಕು ಹಾಳೆ.
ಸಿಪ್ರಿಯನ್ ಮಾಸ್ಟರು ಒಂದೊಂದನ್ನೂ
ಪ್ಲಾಸ್ಟಿಕ್ ಲಕೋಟೆಗೆ ಹಾಕಿ ತಂದಿದ್ದರು:
ಮಂಗಳೂರಿನ ಸೆಕೆ, ಕೈ ಬೆವರಿದರೆ
ಒಂದು ದೇಶವೇ ಕರಗಿ ಹೋಗ್ತದೆ.

ರಾಜಧಾನಿಯಲ್ಲದ ಊರಲ್ಲಿ ಈ ಕೂಟ ಇದೇ ಮೊದಲು.
ಪೇಪರಿನಲ್ಲಿ ದಿನಾ 'ಐತಿಹಾಸಿಕ' ಎಂದು ಬರುತ್ತಿತ್ತು.
ಕುಲಶೇಖರದ ಹಾಲಿನಲ್ಲಿ ನಮಗೆ ಅದು
ಸಂಜೆ ಏಳರಿಂದ ಒಂಬತ್ತೂವರೆ,
ನಡುವೆ ಒಂದು ಚಾ, ಎರಡು ಗೋಳಿಬಜೆ.
ಅರವತ್ತು ಸೆಕೆಂಡು ಮೀರಬಾರದೆಂದು ಸುತ್ತೋಲೆ.
ಅಷ್ಟರಲ್ಲಿ ಒಂದು ದೇಶ ಇನ್ನೂ ಯುದ್ಧಕ್ಕೇ ಹೊರಟಿರುವುದಿಲ್ಲ,
ಇನ್ನೊಂದು ಎರಡು ಸಲ ಗೆದ್ದು ಬಂದಿರುತ್ತದೆ.

ಹೊರಗೆ ಊರಿನದ್ದು ಬೇರೆಯೇ ತಾಲೀಮು.
ಗುಂಡಿಗೆ ಡಾಮರು, ಡಾಮರಿಗೆ ಬಿಳಿ ಗೆರೆ,
ಗೆರೆಯ ಮೇಲೆ ಮಲಗುವ ನಾಯಿಗೆ ಲಸಿಕೆ.
ಲೇಡಿಹಿಲ್ ಸ್ಟ್ಯಾಂಡಿನ ಐತಪ್ಪಣ್ಣ ರಿಕ್ಷಾದಲ್ಲಿ
ಏಳು ಭಾಷೆಯ ನಮಸ್ಕಾರ ಬರೆದು ಅಂಟಿಸಿದ್ದ,
ಮೀಟರಿನ ಮೇಲೆಯೇ, ಮೀಟರು ಕಾಣದ ಹಾಗೆ.
ಬೆಂಗ್ರೆಯ ಹೆಂಗಸರಿಗೆ ಬಂದು ಹೇಳಿದರು:
ಹದಿನಾಲ್ಕು ದಿನ ಮೀನು ಒಣಗಿಸಬೇಡಿ,
ಹೊಳೆಯಲ್ಲಿ ದೋಣಿ ಸ್ಪರ್ಧೆ ಉಂಟು, ಗಾಳಿ ಈ ಕಡೆಯದ್ದು.
ಜಲಜಕ್ಕ ಕೇಳಿದಳಂತೆ,
ಗಾಳಿಗೆ ಹೇಳಿ ಆಯ್ತಾ?

ನನಗೆ ಹಿಡಿಸಿದ್ದು ಇಪ್ಪತ್ತೊಂಬತ್ತನೆಯದು.
ಭೂಪಟದಲ್ಲಿ ನೊಣ ಕೂತು ಎದ್ದುಹೋದಂಥ ದ್ವೀಪ.
ಕಹಳೆ ಇಲ್ಲ, ಕವಾಯತು ಇಲ್ಲ,
ಮೊದಲ ಎರಡು ಸಾಲು ಕ್ಲಾರಿನೆಟ್ಟಿಗೆ, ಒಂಟಿಗೆ.
ಆಮೇಲೆ ತಟ್ಟನೆ ಒಂದು ಜಿಗಿತ,
ಧಕ್ಕೆಯಿಂದ ದೋಣಿಗೆ ಕಾಲಿಟ್ಟ ಹಾಗೆ,
ನಡುವೆ ನೀರು.
ಮೂರು ವಾರ ನಾನು ಆ ನೀರಿಗೇ ಬಿದ್ದೆ.
ಬೇಕರಿಯಲ್ಲಿ ಹಿಟ್ಟು ನಾದುವಾಗಲೂ
ತುಟಿಯೊಳಗೆ ಅದೇ. ಯಜಮಾನರು ಕೇಳಿದರು,
ಎಂತ ಮಾರಾಯ, ಹಲ್ಲುನೋವಾ?

ಆ ದ್ವೀಪದಿಂದ ಬಂದವಳು ಒಬ್ಬಳೇ.
ಮೆರವಣಿಗೆಯಲ್ಲಿ ಬಾವುಟ ಹಿಡಿದದ್ದು ಅವಳು,
ಬಾವುಟದ ಹಿಂದಿನ ಸಾಲೂ ಅವಳೇ.
ಎಮ್ಮೆಕೆರೆಯಲ್ಲಿ ನೂರು ಮೀಟರು.
ನಾವು ಕೆಂಪು ಕೋಟು ಹಾಕಿ ಮೆಟ್ಟಿಲ ಬದಿಗೆ ನಿಂತಿದ್ದೆವು.
ರೀಡು ಒದ್ದೆ ಮಾಡಿಟ್ಟುಕೊಂಡು,
ಯಾರಿಗೂ ಹೇಳದೆ ಅವಳ ಹಾಳೆಯನ್ನು ಮೇಲಿಟ್ಟಿದ್ದೆ.

ಏಳನೆಯವಳಾಗಿ ಬಂದಳು.
ಎಂಟನೆಯವಳು ನೀರಿಗೇ ಇಳಿದಿರಲಿಲ್ಲ, ಜ್ವರವಂತೆ.
ಎದ್ದು ಗಡಿಯಾರ ನೋಡಿದಳು, ಮೂಗು ಒರೆಸಿದಳು,
ಪಕ್ಕದವಳ ಟವೆಲು ಕೇಳಿದಳು.
ಮಾಸ್ಟರು ಕೈ ಎತ್ತಿದರು.
ಇನ್ನಾರದೋ ದೇಶ ನುಡಿಸಿದೆವು.
ಒಳ್ಳೆಯದೇ ನುಡಿಸಿದೆವು.

ಹನ್ನೊಂದು ಹಾಡಿಗೆ ಕೂಟ ಮುಗಿಯಿತು.
ಇಪ್ಪತ್ತಮೂರು ನಮ್ಮ ಬಳಿಯೇ ಉಳಿದವು.
ಸಮಿತಿಯವರು ಕುರ್ಚಿ ಎಣಿಸಿದರು, ಹೂಕುಂಡ ಎಣಿಸಿದರು,
ಕೋಟುಗಳನ್ನು ಗುಂಡಿ ಲೆಕ್ಕ ಹಾಕಿ ವಾಪಸು ತೆಗೆದುಕೊಂಡರು.
ಹಾಡುಗಳನ್ನು ಯಾರೂ ಕೇಳಲಿಲ್ಲ.

ಜನವರಿಯಲ್ಲಿ ಕಿನ್ನಿಗೋಳಿಯಲ್ಲೊಂದು ಮದುವೆ.
ಊಟ ಮುಗಿಯುತ್ತ ಬಂದಿತ್ತು. ಹಿಲರಿ
ಟ್ರಾಂಬೋನು ತೊಡೆಗಾನಿಸಿ, ದಮ್ಮಿಲ್ಲ,
ನೀನೇ ಏನಾದರೂ ಹಿಡಿ ಎಂದ.
ಬೆರಳು ಹಿಡಿದದ್ದು ಅದನ್ನೇ.
ಎರಡು ಸಾಲು, ಒಂಟಿಗೆ. ಮಾಸ್ಟರು ಕಣ್ಣು ಕೆಕ್ಕರಿಸಿದರು.
ಜಿಗಿತ ಬಂತು.
ದಾಟಿದೆ.
ಡ್ರಮ್ಮಿನ ಹುಡುಗ ಕೈ ಸುಮ್ಮನಿರದೆ
ಅದಕ್ಕೊಂದು ಬೈಲಾ ತಾಳ ಕಟ್ಟಿದ.
ಮದುಮಗಳ ಮಾವ, ಮೊಣಗಂಟಿಗೆ ಬೆಲ್ಟು ಬಿಗಿದವರು,
ಕುರ್ಚಿ ಸರಿಸಿ ಕುಣಿಯಲು ಎದ್ದರು.
ಅವರ ಹಿಂದೆ ಬಡಿಸುವ ಹುಡುಗಿ,
ಸಾನ್ನಾಸಿನ ತಟ್ಟೆ ತಲೆಯ ಮೇಲೆತ್ತಿ.

ಹಿಂದೆ ಬರುವಾಗ ಬಸ್ಸಿನಲ್ಲಿ, ಮೂಲ್ಕಿ ದಾಟಿದ ಮೇಲೆ,
ಮಾಸ್ಟರು ಬಾಯಿ ಬಿಟ್ಟರು:
ರಾಷ್ಟ್ರಗೀತೆ ಅದು, ಮಾರಾಯ.
ಎದ್ದು ನಿಲ್ಲಬೇಕು.

ನಿಂತೇ ಇದ್ದೆವಲ್ಲ, ಎಂದೆ.
ಬ್ಯಾಂಡಿನವರು ಯಾವತ್ತು ಕೂತದ್ದು?