ನಾಲ್ಕರಿಂದ ಆರು

ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ
ಗೋಣಿಕೊಪ್ಪದ ಬಸ್ಸಿಳಿದವರೆಲ್ಲ ನನ್ನ ಕಿಂಡಿಯ ಮುಂದೆ.
ಪಾಸು ಹಳದಿ. ಒಬ್ಬ ರೋಗಿಗೆ ಒಂದೇ.
ಬೋರ್ಡು ನನ್ನ ತಲೆಯ ಮೇಲೆಯೇ ಇದೆ.
ಓದಿ ಅಂದರೆ
ಎಲ್ಲರೂ ನನ್ನ ಮುಖ ಓದುತ್ತಾರೆ.

*ಹೊರಗಿನ ಊಟ ತರಬಾರದು.*
ಕಾಚಂಪುಳಿ ಹಾಕಿದ ಪಂದಿ ಕರಿಯನ್ನು
ಯಾವ ಚೀಲದಲ್ಲಿ ಬಚ್ಚಿಡುತ್ತೀರಿ, ಬೋಜಮ್ಮಕ್ಕಾ?
ವಾಸನೆ ನಿಮಗಿಂತ ಮೊದಲೇ ಮೆಟ್ಟಿಲು ಹತ್ತಿತು.
ಯಜಮಾನರ ಪಿತ್ತಕೋಶ ತೆಗೆದು ಮೂರು ದಿನ ಆಗಿಲ್ಲ.
"ಮೂಸಿಯಾದರೂ ನೋಡಲಿ ಅಂತ ತಂದೆ."
ಮೂಸುವುದಕ್ಕೆ ಬೋರ್ಡಿನಲ್ಲಿ ನಿಷೇಧವಿಲ್ಲ.
ಡಬ್ಬಿ ನನ್ನ ಮೇಜಿನಡಿ ಇಡಿ,
ಮುಚ್ಚಳ ಮಾತ್ರ ಒಯ್ಯಿರಿ.

*ಮಂಚದ ಮೇಲೆ ಕೂರಬಾರದು.*
ಇದನ್ನು ನಾನೂ ಮೊದಲು ಗಿಳಿಪಾಠದ ಹಾಗೆ ಹೇಳುತ್ತಿದ್ದೆ.
ಅತ್ತೆಯ ಸೊಂಟ ಮುರಿದ ವರ್ಷ ಗೊತ್ತಾಯಿತು:
ಒಬ್ಬರು ಕೂತರೆ ಹಾಸಿಗೆ ತಗ್ಗುತ್ತದೆ,
ತಗ್ಗಿದ ಕಡೆಗೆ ನೋವು ಉರುಳಿಕೊಂಡು ಹೋಗುತ್ತದೆ.
ಅತ್ತೆ ಹಲ್ಲು ಕಚ್ಚಿಕೊಂಡೇ ನಕ್ಕರು.
ಬಂದವರು ಬೀಗರು.

ಬೋರ್ಡಿನಲ್ಲಿ ಜಾಗ ಸಾಲದ್ದನ್ನು ನಾನೇ ಹೇಳುತ್ತೇನೆ.
ಒಳಗೆ ಕಾಲಿಟ್ಟ ಕೂಡಲೇ
ಅಯ್ಯೋ ಎಷ್ಟು ಇಳಿದುಹೋಗಿದ್ದೀರಿ ಅನ್ನಬೇಡಿ.
ಇದೇ ಕಾಯಿಲೆಗೆ ನಿಮ್ಮೂರಲ್ಲಿ ಹೋದವರ ಲೆಕ್ಕ ಒಪ್ಪಿಸಬೇಡಿ.
ಕಾಫಿ ರೇಟು ಹೇಳಿ, ಏರಿದ್ದರೆ ಮಾತ್ರ.
ಕೈ ತೊಳೆಯಿರಿ, ಹೋಗುವಾಗಲೂ, ಬರುವಾಗಲೂ.
ಅಳು ಬಂದರೆ ಎಕ್ಸ್‌ರೇ ಕೋಣೆಯ ಹಿಂದೆ ಒಂದು ಬೆಂಚಿದೆ.
ಅಲ್ಲಿಗೆ ಪಾಸು ಬೇಡ.

*ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ.*
ಶುಕ್ರವಾರ ತಿತಿಮತಿ ಕಡೆಯ ಜೀಪು
ವಿರಾಜಪೇಟೆಯ ಈ ಗೇಟಿನಲ್ಲಿ ಹನ್ನೊಂದು ಜನರನ್ನು ಇಳಿಸಿತು.
ಮೆಣಸು ಬಿಡಿಸಿದ ಕೈಗಳು, ಉಗುರಿನ ಸಂದಿಯೆಲ್ಲ ಕಪ್ಪು.
ಹೆಂಗಸರ ವಾರ್ಡು, ಆರನೆಯ ಮಂಚ, ಬೊಳ್ಳಿ;
ಏಣಿಯಿಂದ ಬಿದ್ದವಳು.
ಎರಡು ದಿನದಿಂದ ಏನೋ ಹೇಳುತ್ತಲೇ ಇದ್ದಾಳೆ.
ಡಾಕ್ಟರು ಬೀದರಿನವರು, ಸಿಸ್ಟರು ಅರಸೀಕೆರೆಯವರು,
ಯರವ ಮಾತು ಇಬ್ಬರಿಗೂ ಹತ್ತದು.
ಬಂದ ದೊಡ್ಡವರಿಗೆ ಕನ್ನಡ ಬರುತ್ತದೆ,
ಬಿಳಿ ಕೋಟಿನ ಮುಂದೆ ನಿಂತರೆ ಬರುವುದಿಲ್ಲ.

ಪಾಸು ಒಂದೇ ಅಂದೆ.
ಅವರವರೇ ಮುಖ ನೋಡಿಕೊಂಡರು,
ಹಿಂದಿನಿಂದ ಒಂದು ಹುಡುಗಿಯನ್ನು ಮುಂದಕ್ಕೆ ತಂದು ನಿಲ್ಲಿಸಿದರು.
ಹೆಸರು? ಸಜಿತಾ.
ವಯಸ್ಸು? ಒಂಬತ್ತು.
ಸುಳ್ಳು ಹೇಳಿಕೊಟ್ಟು ಕರೆತರುವಷ್ಟು ಜಾಣರಲ್ಲ.

ಮಕ್ಕಳು ರೋಗಿ ನೋಡೋಕೆ ಹೋಗೋ ಹಾಗಿಲ್ಲ, ಮರಿ.
"ನಾನು ನೋಡೋಕೆ ಅಲ್ಲ.
ಅಜ್ಜಿಗೆ ಎಲ್ಲಿ ನೋವು ಅಂತ ಹೇಳೋಕೆ."

ರಿಜಿಸ್ಟರಿನಲ್ಲಿ ಒಂದು ಕಾಲಂ ಇದೆ: *ರೋಗಿಗೆ ಏನಾಗಬೇಕು.*
ಮಗ, ಸೊಸೆ, ಪಕ್ಕದ ಮನೆ ಬರೆದಿದ್ದೇನೆ,
ಒಮ್ಮೆ 'ಸಾಲ ಕೊಟ್ಟವರು' ಅಂತಲೂ.
ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಆಮೇಲೆ ಬರೆದೆ:
ಬಾಯಿ.

ನಾಲ್ಕೂ ಹತ್ತಕ್ಕೆ ಒಳಗೆ ಹೋದವಳು.
ಆರರ ಗಂಟೆ ನಾನೇ ಬಾರಿಸಿದೆ, ಎಲ್ಲರೂ ಇಳಿದರು,
ಅವಳಿಲ್ಲ.
ಡಾಕ್ಟರು ಕಳಿಸಲಿಲ್ಲವಂತೆ.
ಪಟ್ಟಿ ಕಟ್ಟಿದ ಕಾಲಲ್ಲ ಸಿಸ್ಟರ್, ಅದರ ಮಾತೇ ಅಲ್ಲ,
ಉಸಿರು ಎಳೆದರೆ ಇಲ್ಲಿ, ಎಂದು ಹುಡುಗಿ
ತನ್ನದೇ ಪಕ್ಕೆಯ ಮೇಲೆ ಬೆರಳಿಟ್ಟು ತೋರಿಸಿದಳಂತೆ.
ಮತ್ತೆ ಎಕ್ಸ್‌ರೇ ಆಯಿತು.
ಎರಡು ಎಲುಬು.

ಸೋಮವಾರ ಸೂಪರಿಂಟೆಂಡೆಂಟರು ರಿಜಿಸ್ಟರು ತಿರುವಿದರು.
"ಇದೇನ್ರೀ ದಮಯಂತಿ, ಬಾಯಿ? ಮರಾಠಿಯವರಾ?"
ನಾನು ನನ್ನದನ್ನು ಮುಚ್ಚಿಕೊಂಡೆ.

ಪಾಸ್ ನಂಬರ್ ಹದಿನೇಳು ಇನ್ನೂ ವಾಪಸು ಬಂದಿಲ್ಲ.
ಇಪ್ಪತ್ತು ರೂಪಾಯಿ ನನ್ನ ಸಂಬಳದಲ್ಲಿ ಹಿಡಿದರು;
ಅದೂ ನಿಯಮವೇ, ಬೋರ್ಡಿನ ಕೊನೆಯ ಸಾಲು.
ತಿತಿಮತಿ ಕಡೆ ಹೋಗುವವರು ಯಾರಾದರೂ ಇದ್ದರೆ ಹೇಳಿ,
ಬೊಳ್ಳಿಯನ್ನು ಹದಿನೈದು ದಿನ ಬಿಟ್ಟು ತೋರಿಸಬೇಕು.
ಚೀಟಿ ತರಲಿ. ಪಾಸು ಸಿಕ್ಕರೆ ತರಲಿ.
ಹುಡುಗಿಯನ್ನು
ಮರೆಯದೆ ತರಲಿ.