ಸೊನ್ನೆಯ ನಿಲ್ದಾಣ

ಆ್ಯಪ್ ಕೋರ್ಸಿಗೆಂದು ಬಂದವನನ್ನು ಬಾಗಿಲಲ್ಲೇ ತಡೆದವಳು ನಾನು.
ಕುತಾಯಿಸಿಯಲ್ಲಿ ಅಂದು ಹಿಮವಾಗಲೂ ಆಗದ, ನೀರಾಗಿಯೂ ಉಳಿಯದ ಏನೋ ಬೀಳುತ್ತಿತ್ತು.
ವರ್ಲಾಮ್. ಮಾರ್ಷ್ರುತ್ಕಾ ವ್ಯಾನಿನ ಚಾಲಕ.
ವಯಸ್ಸು ಕೇಳಿದರೆ ನಮ್ಮೂರ ಲೆಕ್ಕದಲ್ಲೇ ಹೇಳಿದ:
ಎರಡು ಇಪ್ಪತ್ತು, ಮೇಲೆ ಹದಿಮೂರು.

ಮೊದಲು ಆರು ತಿಂಗಳು ನನ್ನ ಹತ್ತಿರ, ಅಂದೆ.
ಬಣ್ಣವಿಲ್ಲ, ಗುಂಡಿಯಿಲ್ಲ, ಚಿತ್ರವಿಲ್ಲ,
ಕಪ್ಪು ಪರದೆ, ಬಿಳಿ ಅಕ್ಷರ.
"ಗಾಡಿ ಮುಟ್ಟಿಸುವ ಮೊದಲು ನನ್ನ ಉಸ್ತಾದ
ಒಂದು ಚಳಿಗಾಲವಿಡೀ ಸ್ಪ್ಯಾನರ್ ತೊಳೆಸಿದ್ದ"
ಅಂದು ಕೋಟು ಬಿಚ್ಚದೆ ಕೂತ.

ಮೊದಲ ಜಗಳ ಸೊನ್ನೆಯ ಮೇಲೆ.
ಬಜಾರು, ಸೇತುವೆ, ಗಾಜಿನ ಕಾರ್ಖಾನೆ, ಬಿಸಿನೀರ ಬುಗ್ಗೆ:
ದಾರಿಯ ನಿಲ್ದಾಣಗಳನ್ನು ಪಟ್ಟಿಯಾಗಿ ಬರೆಸಿದೆ.
ಒಂದನ್ನು ಕರೆದರೆ ಯಂತ್ರ ಸೇತುವೆ ಅಂದಿತು.
"ಬಜಾರನ್ನು ಯಾರು ಕದ್ದರು?"
ಬಜಾರು ಸೊನ್ನೆ ಕಣಪ್ಪ, ಅಂದೆ.
ಬಹಳ ಹೊತ್ತು ಗಲ್ಲ ಕೆರೆದುಕೊಂಡ.
"ಸರಿ. ಅಲ್ಲಿ ಇಂಜಿನ್ನೇ ಶುರುವಾಗಿರುವುದಿಲ್ಲ."

ಆಮೇಲಿನದು ಅಕ್ಷರದ್ದು.
ನಮ್ಮ ಲಿಪಿಯಲ್ಲಿ ಅಕ್ಷರಗಳಿಗೆ ಹಿರಿತನ ಕಿರಿತನವಿಲ್ಲ,
ಊರ ಹೆಸರಿಗೂ ಉಪ್ಪಿನ ಹೆಸರಿಗೂ ಒಂದೇ ಎತ್ತರ.
ತನ್ನ ಹೆಸರನ್ನೇ ಅವನು
ಒಮ್ಮೆ ದೊಡ್ಡ ವಿ, ಒಮ್ಮೆ ಚಿಕ್ಕ ವಿ ಒತ್ತಿ ಬರೆದ;
ಯಂತ್ರಕ್ಕೆ ಇಬ್ಬರು ವರ್ಲಾಮರು.
"ಆ ಇನ್ನೊಬ್ಬನಿಗೆ ಸಂಬಳ ಯಾರು ಕೊಡುತ್ತಾರೆ?"

ಮೂರನೆಯ ತಿಂಗಳು, ಲೂಪು.
ಎಣಿಕೆಗೆ ಒಂದು ಕೂಡಿಸಲು ಮರೆತ. ಪರದೆಯ ತುಂಬ
ಬಜಾರು ಬಜಾರು ಬಜಾರು ಬಜಾರು
ಬಜಾರು ಬಜಾರು
ಡ್ಯಾಶ್‌ಬೋರ್ಡಿಗೆ ಬಡಿದಂತೆ ಮಾನಿಟರಿನ ತಲೆಗೆ ಬಡಿದ.
ನಿಲ್ಲಲಿಲ್ಲ.
"ಗಾಚೆರೆತ್!" ಎಂದು ಕೂಗಿಯೇಬಿಟ್ಟ:
ನಿಲ್ಸಿ, ಇಳೀಬೇಕು! ಎಂದು ಇಪ್ಪತ್ತಾರು ವರ್ಷ
ಬೆನ್ನ ಹಿಂದಿನಿಂದ ಕೇಳಿಸಿಕೊಂಡ ಕೂಗು,
ಈಗ ಅವನದೇ ಬಾಯಲ್ಲಿ.

ನಾನು ಕಲಿಯುವಾಗ ಇದನ್ನೆಲ್ಲ ಹಾರಿ ನೇರ ಆ್ಯಪಿಗೇ ಹೋದವಳು.
ಯಾರದೋ ಕೋಡು ತಂದು ಅಂಟಿಸಿದೆ, ಕುಣಿಯಿತು, ಚಪ್ಪಾಳೆ ಸಿಕ್ಕಿತು.
ನಾಲ್ಕನೆಯ ಗುಂಡಿ ಒತ್ತಿದರೆ ಏಕೆ ಸಾಯುತ್ತಿತ್ತೆಂದು
ಇಂದಿಗೂ ಗೊತ್ತಿಲ್ಲ.
ಇದನ್ನು ಅವನಿಗೆ ಹೇಳಲಿಲ್ಲ.

ನಿನಗೆ ಬೇಕಾದ ಆ್ಯಪಾದರೂ ಯಾವುದು, ಎಂದು ಕೇಳಿದ್ದು ಬಹಳ ತಡವಾಗಿ.
ಕೊನೆಯ ನಿಲ್ದಾಣದಲ್ಲಿ ತ್ಸಿಯಾಲಾ ನಿಂತಿರುತ್ತಾಳಂತೆ,
ಒದ್ದೆ ಬಟ್ಟೆ ಸುತ್ತಿದ ಚೀಸಿನ ಬೋಗುಣಿ ಹಿಡಿದು, ಬೆಳಗಿನ ಆರಕ್ಕೆ.
ವ್ಯಾನು ಬರುತ್ತದೋ ಇಲ್ಲವೋ,
ಅಷ್ಟು ಅವಳಿಗೆ ಗೊತ್ತಾಗಬೇಕಂತೆ, ಮನೆಯಿಂದ ಹೊರಡುವ ಮೊದಲು.
ಹೌದು ಅಥವಾ ಇಲ್ಲ. ಒಂದೇ ವೇರಿಯಬಲ್ಲು, ನಕ್ಕೆ.
"ಅಲ್ಲ. ಗೇರು ಸಿಕ್ಕಿಕೊಂಡು ದಾರಿ ಮಧ್ಯೆ ನಿಂತಿರುತ್ತೇನೆ.
ಬರುತ್ತಲೂ ಇಲ್ಲ, ಬರುವುದಿಲ್ಲವೆಂದೂ ಅಲ್ಲ.
ಅದಕ್ಕೆ ನಿಮ್ಮಲ್ಲಿ ಹೆಸರಿದೆಯೆ?"
ಇದೆ, ಅಂದೆ. ನಲ್ ಅನ್ನುತ್ತಾರೆ.
ಅಂಗೈ ಮೇಲೆ ಬರೆದುಕೊಂಡ.

ಮೇ ತಿಂಗಳಲ್ಲಿ ಕೋರ್ಸಿನ ಫಾರ್ಮು ತುಂಬಿಸಿದೆ.
ಮುಂಚೆ ಏನೇನು ಬರುತ್ತದೆ ಎಂಬ ಖಾನೆಯಲ್ಲಿ
ಫಂಕ್ಷನ್ನು, ಅರೇ, ಕಂಡೀಷನ್ನು ಅಂತ ಬರೆ, ಅಂದೆ.
ಬರೆಯಲಿಲ್ಲ. ಪೆನ್ನನ್ನು ಗೇರಿನಂತೆ ಹಿಡಿದು
ನಿಧಾನ ಬರೆದದ್ದು ಇಷ್ಟು:

ತಪ್ಪು ಬಂದರೆ ಕೊನೆಯ ಸಾಲಿನ ತನಕ ಓದುತ್ತೇನೆ.
ಪರದೆಗೆ ಹೊಡೆಯುವುದಿಲ್ಲ.